ಕಾರಿನಲ್ಲಿ ಮಗುವಿಗೊಂದು ಆಸನ

2024ರ ಅಕ್ಟೋಬರ್ ತಿಂಗಳಲ್ಲಿ ಕೇರಳದ ಮೋಟಾರು ವಾಹನ ಇಲಾಖೆಯಿಂದ ಒಂದು ಸೂಚನೆ ಹೊರಟಿತು. ನಾಲ್ಕು ವರ್ಷದೊಳಗಿನ ಮಕ್ಕಳನ್ನು ಕಾರಿನ ಹಿಂಬದಿಯಲ್ಲಿ, ಅವರಿಗೆಂದೇ ತಯಾರಾದ ಆಸನದಲ್ಲಿ, ಬೆಲ್ಟು ಬಿಗಿದು ಕುಳ್ಳಿರಿಸಬೇಕು. ನಾಲ್ಕರಿಂದ ಹದಿನಾಲ್ಕು ವರ್ಷದೊಳಗಿನ, 135 ಸೆಂಟಿಮೀಟರಿಗಿಂತ ಗಿಡ್ಡಗಿರುವ ಮಕ್ಕಳಿಗೆ ಎತ್ತರಿಸುವ ಮೆತ್ತೆಯಿಡಬೇಕು. ಡಿಸೆಂಬರಿನಿಂದ ತಪ್ಪಿದವರಿಗೆ ದಂಡ ಎಂದು ಅದರ ಸಾರ. ರಾಜ್ಯದಲ್ಲೆಲ್ಲ ಗುಲ್ಲೆದ್ದಿತು. ಕೆಲವೇ ದಿನಗಳಲ್ಲಿ ಆಗಿನ ಸಾರಿಗೆ ಸಚಿವರು ದಂಡವಿಲ್ಲ, ತಿಳಿವಳಿಕೆ ಮೂಡಿಸುವುದಷ್ಟೇ ಉದ್ದೇಶವೆಂದರು. ಜನ ನಿಟ್ಟುಸಿರು ಬಿಟ್ಟು ಆ ಮಾತನ್ನು ಅಲ್ಲಿಗೇ ಮರೆತರು.

ಮರೆತದ್ದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ಸಚಿವರು ತಡೆದದ್ದು ದಂಡದ ರಶೀದಿಯನ್ನು ಮಾತ್ರ. 2019ರಲ್ಲಿ ತಿದ್ದುಪಡಿಯಾದ ಕೇಂದ್ರದ ಮೋಟಾರು ವಾಹನ ಕಾಯಿದೆಯ 194ಬಿ ಕಲಮಿನಂತೆ, ಹದಿನಾಲ್ಕು ತುಂಬದ ಮಗುವನ್ನು ಬೆಲ್ಟು ಅಥವಾ ಮಕ್ಕಳ ಆಸನದ ರಕ್ಷಣೆಯಿಲ್ಲದೆ ಕರೆದೊಯ್ದರೆ ಒಂದು ಸಾವಿರ ರೂಪಾಯಿ ದಂಡವುಂಟು. ಅದು ತಲಪಾಡಿಯ ಈಚೆಗೂ ಆಚೆಗೂ ಒಂದೇ ಕಾನೂನು. ಕಾನೂನಿನ ಮಾತು ಹಾಗಿರಲಿ. ಗಾಡಿ ಡಿಕ್ಕಿ ಹೊಡೆದ ಕ್ಷಣದಲ್ಲಿ ಮಗುವಿನ ಮೈಮೇಲೆ ಬೀಳುವ ಬಲವನ್ನು ತಡೆಯಲು ಯಾವ ಸಚಿವರಿಂದಲೂ ಆಗದು.

ನಮ್ಮ ಮನೆಗಳಲ್ಲಿ ಕಾರಿನೊಳಗೆ ಮಗುವಿನ ಸ್ಥಾನವೆಂದರೆ ಮಡಿಲು. ಅಜ್ಜಿಯ ಮಡಿಲು, ತಾಯಿಯ ಮಡಿಲು, ಕೆಲವೊಮ್ಮೆ ಸ್ಟಿಯರಿಂಗ್ ಹಿಡಿದ ತಂದೆಯ ಮಡಿಲು ಸಹ. ಗಟ್ಟಿಯಾಗಿ ಹಿಡಿದುಕೊಂಡರೆ ಮಗು ಕ್ಷೇಮವೆಂಬ ನಂಬಿಕೆ. ಲೆಕ್ಕ ಹಾಕಿ ನೋಡೋಣ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಓಡುವ ಕಾರು ಎದುರಿಗೆ ಬಡಿದು, ಅದರ ಮೂತಿ ಅರ್ಧ ಮೀಟರಿನಷ್ಟು ನಜ್ಜುಗುಜ್ಜಾಗುವಷ್ಟರಲ್ಲಿ ನಿಂತುಬಿಡುತ್ತದೆ. ಆಗ ಹತ್ತು ಕಿಲೋ ತೂಕದ ಮಗುವನ್ನು ಹಿಡಿದಿಡಲು ಇನ್ನೂರು ಕಿಲೋ ಹೊರೆಯನ್ನು ಹಿಡಿದಿಡುವಷ್ಟು ಬಲ ಬೇಕು. ನಾಲ್ಕು ಮೂಟೆ ಅಕ್ಕಿಯ ಭಾರವನ್ನು ಕಣ್ಣೆವೆಯಿಕ್ಕುವ ಮೊದಲು ಎರಡು ತೋಳಲ್ಲಿ ತಡೆಯಬಲ್ಲ ತಾಯಿ ಎಲ್ಲಿದ್ದಾಳೆ? ಅದೇ ವೇಗದಲ್ಲಿ ಬಡಿಯುವುದೆಂದರೆ ಹತ್ತು ಮೀಟರ್ ಎತ್ತರದ ಕಂಗಿನ ತಲೆಯಿಂದ ನೆಲಕ್ಕೆ ಬಿದ್ದಂತೆ. ಕಂಗು ಹತ್ತುವವರಿಗೆ ಹಗ್ಗ ಕಟ್ಟಿಕೊಳ್ಳಿರೆಂದು ಹೇಳುವ ನಾವು ಮಗುವನ್ನು ಮಾತ್ರ ಕಟ್ಟದೆ ಬಿಡುತ್ತೇವೆ. ತನ್ನ ಬೆಲ್ಟಿನೊಳಗೇ ಮಗುವನ್ನೂ ಸೇರಿಸಿಕೊಂಡು ಕುಳಿತ ತಾಯಿಯಂತೂ ತಿಳಿಯದೆ ಇನ್ನೂ ದೊಡ್ಡ ಅಪಾಯವನ್ನು ತಂದುಕೊಳ್ಳುತ್ತಾಳೆ. ಆಕೆಯ ಮೈಭಾರವೆಲ್ಲ ಬೆಲ್ಟಿಗೂ ತನಗೂ ನಡುವೆ ಸಿಕ್ಕಿದ ಮಗುವಿನ ಮೇಲೆ ಬೀಳುತ್ತದೆ.

ಮುಂದಿನ ಸೀಟಿನ ಮಡಿಲಿನ ಕಥೆ ಬೇರೆಯೇ. 2024ರ ಸೆಪ್ಟೆಂಬರಿನಲ್ಲಿ ಮಲಪ್ಪುರಂ ಜಿಲ್ಲೆಯ ಕೋಟಕ್ಕಲ್ ಸಮೀಪ ಕಾರೊಂದು ಟ್ಯಾಂಕರ್ ಲಾರಿಗೆ ಬಡಿದಾಗ, ಮುಂದಿನ ಸೀಟಿನಲ್ಲಿ ತಾಯಿಯ ಮಡಿಲಲ್ಲಿದ್ದ ಎರಡು ವರ್ಷದ ಹೆಣ್ಣು ಮಗುವಿನ ಮುಖಕ್ಕೆ ಏರ್‌ಬ್ಯಾಗ್ ಒತ್ತಿ ಆ ಕೂಸು ತೀರಿಹೋಯಿತು. ದೊಡ್ಡವರ ಎದೆಯ ಅಳತೆಗೆ ಮಾಡಿದ ಆ ಚೀಲ ಸೆಕೆಂಡಿನ ಇಪ್ಪತ್ತನೆಯ ಒಂದು ಪಾಲಿನಷ್ಟು ಹೊತ್ತಿನಲ್ಲಿ ಉಬ್ಬಿ ನಿಲ್ಲುತ್ತದೆ. ದೊಡ್ಡವರನ್ನು ಉಳಿಸುವ ಅದೇ ಹೊಡೆತವನ್ನು ಎಳೆಯ ಕತ್ತು ತಾಳದು. ಆದ್ದರಿಂದ ಮಕ್ಕಳ ಸ್ಥಾನ ಹಿಂದಿನ ಸೀಟು. ಇದಕ್ಕೆ ಕಾಸು ಖರ್ಚಿಲ್ಲ. ಬೇರೇನೂ ಮಾಡಲಾಗದವರು ಇಷ್ಟನ್ನಾದರೂ ಈ ಹೊತ್ತಿನಿಂದಲೇ ಮಾಡಬಹುದು.

ಇನ್ನು ಆಸನದ ವಿಚಾರ. ಬೆಳೆಯುವ ಮಗುವೆಂದು ಶಾಲೆಯ ಅಂಗಿಯನ್ನು ಎರಡು ಅಳತೆ ದೊಡ್ಡದಾಗಿ ಹೊಲಿಸುವುದು ನಮ್ಮಲ್ಲಿನ ರೂಢಿ. ಆ ಜಾಣತನ ಇಲ್ಲಿ ಸಲ್ಲದು. ಮಗುವಿನ ಈಗಿನ ತೂಕಕ್ಕೂ ಎತ್ತರಕ್ಕೂ ಸರಿಹೊಂದುವ ಆಸನವೇ ಬೇಕು, ವಯಸ್ಸು ಬರೇ ಅಂದಾಜಿಗೆ. ಹಸುಗೂಸಿನ ತಲೆ ಅದರ ಮೈಯ ಕಾಲು ಭಾಗದಷ್ಟು ಉದ್ದ, ಕತ್ತಿನಲ್ಲಿ ಬಲವಿಲ್ಲ. ಅದು ಕಾರಿನ ಹಿಂಭಾಗಕ್ಕೆ ಮುಖಮಾಡಿ ಕುಳಿತರೆ ಡಿಕ್ಕಿಯ ಪೆಟ್ಟು ಬೆನ್ನಿಗೆಲ್ಲ ಹರಡಿ ಕತ್ತು ಉಳಿಯುತ್ತದೆ. ಸ್ವೀಡನ್ನಿನ ವೈದ್ಯ ಬರ್ಟಿಲ್ ಆಲ್ಡ್‌ಮನ್ನರಿಗೆ 1960ರ ದಶಕದಲ್ಲಿ ಇದು ಹೊಳೆದದ್ದು, ಬಾಹ್ಯಾಕಾಶ ಯಾತ್ರಿಗಳು ಬೆನ್ನಿಗೆ ಭಾರ ಕೊಟ್ಟು ಮೇಲೇರುವುದನ್ನು ಕಂಡು. ಐರೋಪ್ಯ ದೇಶಗಳ ಹೊಸ ನಿಯಮದ ಆಸನಗಳಲ್ಲಿ ಕನಿಷ್ಠ 15 ತಿಂಗಳವರೆಗೆ ಮಗು ಹಿಮ್ಮುಖವಾಗಿಯೇ ಇರಬೇಕು. ಆಸನದ ಅಳತೆ ಒಪ್ಪುವಷ್ಟು ಕಾಲ ಹಾಗೆಯೇ ಇಡುವುದು ಲೇಸೆಂದು ಮಕ್ಕಳ ವೈದ್ಯರು ಹೇಳುತ್ತಾರೆ. ಕಾಲು ಮಡಚಿಕೊಂಡಿತೆಂದು ಅವಸರದಿಂದ ಮುಂದಕ್ಕೆ ತಿರುಗಿಸಬೇಕಾಗಿಲ್ಲ. ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಮಾತ್ರ ಈ ಹಿಮ್ಮುಖದ ಆಸನವನ್ನು ಎಂದಿಗೂ ಇಡಕೂಡದು.

ಹಿಮ್ಮುಖದ ಆಸನಕ್ಕೆ ಮೀರಿ ಬೆಳೆದ ಮೇಲೆ ಮುಮ್ಮುಖದ ಆಸನ. ಅದರಲ್ಲಿ ಎರಡು ಹೆಗಲಿಗೂ ಸೊಂಟಕ್ಕೂ ಪಟ್ಟಿಗಳಿರುತ್ತವೆ. ಅದನ್ನೂ ಮೀರಿದರೆ ಬೂಸ್ಟರ್ ಎಂಬ ಎತ್ತರದ ಮೆತ್ತೆ. ಬೆನ್ನೊರಗಿರುವಂಥದಾದರೆ ಇನ್ನೂ ಒಳ್ಳೆಯದು. ಕಾರಿನ ಬೆಲ್ಟು ದೊಡ್ಡ ಆಳಿನ ಅಳತೆಯದು. ಗಿಡ್ಡ ಮಗುವಿಗೆ ಹಾಕಿದರೆ ಮೇಲಿನ ಪಟ್ಟಿ ಕತ್ತನ್ನು ಕೊಯ್ಯುತ್ತದೆ, ಕೆಳಗಿನದು ಹೊಟ್ಟೆಗೇರುತ್ತದೆ. ಮೆತ್ತೆಯ ಮೇಲೆ ಕುಳಿತಾಗ ಒಂದು ಹೆಗಲಿನ ನಡುವೆಯೂ ಇನ್ನೊಂದು ತೊಡೆಯ ಬುಡದಲ್ಲೂ ಬರುತ್ತದೆ. ನಾಲ್ಕನೇ ತರಗತಿಯ ಹುಡುಗನಿಗೆ ಇದು ನಾಚಿಕೆಯೆನಿಸಬಹುದು. ಹೆತ್ತವರು ಅದಕ್ಕೆ ಸೋಲಬಾರದು.

ಕೊಂಡರೆ ಸಾಲದು, ಕಟ್ಟುವುದನ್ನೂ ಕಲಿಯಬೇಕು. ಬೆಲ್ಟು ಹಾದುಹೋಗುವ ಕಡೆ ಆಸನವನ್ನು ಹಿಡಿದು ಅಲ್ಲಾಡಿಸಿದರೆ ಒಂದು ಅಂಗುಲಕ್ಕಿಂತ ಹೆಚ್ಚು ಜರುಗಬಾರದು. ಮಗುವಿನ ಹೆಗಲ ಪಟ್ಟಿಯನ್ನು ಎರಡು ಬೆರಳಿಂದ ಚಿವುಟಿ ಹಿಡಿಯಲು ಸಿಕ್ಕಿದರೆ ಅದು ಸಡಿಲವಾಗಿದೆಯೆಂದೇ ತಿಳಿಯಬೇಕು. ಹೊಸ ಕಾರುಗಳ ಹಿಂದಿನ ಸೀಟಿನ ಸಂದಿಯಲ್ಲಿ ಐಸೋಫಿಕ್ಸ್ ಎಂಬ ಕಬ್ಬಿಣದ ಕೊಂಡಿಗಳಿರುತ್ತವೆ. ಅದಕ್ಕೆ ಒಪ್ಪುವ ಆಸನವಾದರೆ ಕಟ್ಟುವಾಗ ತಪ್ಪುವುದು ಕಡಮೆ. ಹಳೆಯದನ್ನು ಬಂಧುಗಳಿಂದ ಪಡೆಯುವವರು ಅದು ಅಪಘಾತ ಕಂಡದ್ದೋ, ಬಳಕೆಯ ಅವಧಿ ಮುಗಿದದ್ದೋ ಎಂದು ವಿಚಾರಿಸಿಕೊಳ್ಳಬೇಕು. ನಮ್ಮ ಏಪ್ರಿಲ್ ಬಿಸಿಲಲ್ಲಿ ನಿಂತ ಕಾರಿನೊಳಗೆ ಪಟ್ಟಿಯ ಕೊಕ್ಕೆ ಸುಡುವಂತಾಗುತ್ತದೆ. ಒಂದು ಬಿಳಿ ಬಟ್ಟೆ ಮುಚ್ಚಿಡುವುದು ಒಳ್ಳೆಯದು. ಸರಿಯಾಗಿ ಬಳಸಿದ ಆಸನದಿಂದ ಕಾರಪಘಾತಗಳಲ್ಲಿ ಹಸುಳೆಗಳ ಸಾವು ನೂರಕ್ಕೆ 71ರಷ್ಟೂ, ಒಂದರಿಂದ ನಾಲ್ಕು ವರ್ಷದ ಮಕ್ಕಳ ಸಾವು 54ರಷ್ಟೂ ತಗ್ಗುತ್ತದೆಂದು ಅಮೇರಿಕದ ಹೆದ್ದಾರಿ ಸುರಕ್ಷತಾ ಇಲಾಖೆಯ ಅಂದಾಜು.

ಇದೆಲ್ಲ ಪರದೇಶದ ಮಾತು, ನಮ್ಮಲ್ಲಿ ನಡೆಯದು ಎನ್ನುವವರಿದ್ದಾರೆ. ಹಾಗೆನ್ನಲು ನಮ್ಮ ಜಿಲ್ಲೆಗೆ ಎಲ್ಲರಿಗಿಂತ ಕಡಮೆ ಹಕ್ಕು. ಉಪ್ಪಳ, ಕುಂಬಳೆ, ಬದಿಯಡ್ಕಗಳ ಎಷ್ಟೋ ಮನೆಗಳ ಮಕ್ಕಳು ದುಬಾಯಿ, ಶಾರ್ಜಾಗಳಲ್ಲಿ ಬೆಳೆಯುತ್ತಿದ್ದಾರೆ. ಅಲ್ಲಿ 2017ರಿಂದ ನಾಲ್ಕು ವರ್ಷದೊಳಗಿನ ಮಗುವಿಗೆ ಆಸನ ಕಡ್ಡಾಯ, ತಪ್ಪಿದರೆ 400 ದಿರ್ಹಂ ದಂಡ. ಅಲ್ಲಿ ಚಕಾರವೆತ್ತದೆ ಮಗುವನ್ನು ಆಸನದಲ್ಲಿ ಬಿಗಿಯುವ ತಂದೆಯೇ ರಜೆಯಲ್ಲಿ ಮಂಗಳೂರು ವಿಮಾನ ನಿಲ್ದಾಣದಿಂದ ಹೊರಬಿದ್ದೊಡನೆ ಅದೇ ಮಗುವನ್ನು ಮುಂದಿನ ಸೀಟಿನಲ್ಲಿ ಅಜ್ಜನ ಮಡಿಲಿಗೆ ಕೊಡುತ್ತಾನೆ. ಊರಿನ ರಸ್ತೆ ಮರುಭೂಮಿಯ ರಸ್ತೆಗಿಂತ ಮೃದುವೇ? ಹೆದ್ದಾರಿ ಆರು ಪಥವಾಗಿ ಅಗಲಗೊಂಡ ಮೇಲೆ ವಾಹನಗಳ ವೇಗವೂ ಹೆಚ್ಚಿದೆ. ಹೆರಿಗೆಗೂ ಜ್ವರಕ್ಕೂ ಮಂಗಳೂರಿಗೇ ಓಡುವ ನಮ್ಮ ಮಕ್ಕಳು ಹುಟ್ಟಿದ ವಾರದಲ್ಲೇ ಆ ರಸ್ತೆಯಲ್ಲಿ ಮೊದಲ ಪಯಣ ಮಾಡುತ್ತಾರೆ.

ಮಗು ಅಳುತ್ತದೆ ಎಂಬ ದೂರು ನಿಜವೇ. ಆಸ್ಪತ್ರೆಯಿಂದ ಮನೆಗೆ ಬರುವ ದಿನದಿಂದಲೇ ಆಸನದಲ್ಲಿ ಕೂತ ಮಗು ಅದನ್ನೇ ತನ್ನ ಜಾಗವೆಂದು ತಿಳಿಯುತ್ತದೆ. ಎರಡು ವರ್ಷ ಮಡಿಲಲ್ಲಿ ಕೂತ ಮೇಲೆ ಕಟ್ಟಹೊರಟರೆ ರಂಪ ಮಾಡುತ್ತದೆ. ಹಾಲೂಡಿಸಬೇಕೆಂದರೆ ಕಾರನ್ನು ಬದಿಗೆ ನಿಲ್ಲಿಸಿ ಎತ್ತಿಕೊಳ್ಳಬೇಕು. ಹತ್ತು ನಿಮಿಷ ತಡವಾದರೆ ಯಾವ ಮುಹೂರ್ತವೂ ತಪ್ಪದು. ಖರ್ಚಿನ ಮಾತೂ ನಿಜ. ಒಂದು ಆಸನಕ್ಕೆ ಕೆಲವು ಸಾವಿರ ರೂಪಾಯಿ ಬೀಳುತ್ತದೆ, ಕೆಲವೇ ವರ್ಷಗಳಲ್ಲಿ ಅದು ಸಣ್ಣದಾಗುತ್ತದೆ. ತೊಟ್ಟಿಲ ಶಾಸ್ತ್ರಕ್ಕೆ ಬರುವ ನೆಂಟರು ನಾಲ್ಕು ಜನ ಸೇರಿ ಬಂಗಾರದ ಉಂಗುರದ ಬದಲಿಗೆ ಇದನ್ನೇ ಕೊಡಬಹುದಲ್ಲ. ಊರೂರಿನ ಯುವಕ ಮಂಡಲಗಳೂ ಸಹಕಾರಿ ಸಂಘಗಳೂ ಮನಸ್ಸು ಮಾಡಿದರೆ ನಾಲ್ಕಾರು ಆಸನಗಳನ್ನು ಕೊಂಡಿಟ್ಟು, ಮದುವೆಯ ಪಾತ್ರೆ ಕುರ್ಚಿಗಳಂತೆ ಅಲ್ಪ ಬಾಡಿಗೆಗೆ ಸರದಿಯಲ್ಲಿ ಕೊಡಬಹುದು. ಕಾರಿಲ್ಲದೆ ಆಟೋ ಜೀಪುಗಳಲ್ಲೇ ಓಡಾಡುವ ಮನೆಗಳ ಮಕ್ಕಳಿಗೆ ಈ ಆಸನದ ಮಾತಿನಿಂದ ಏನೂ ಸಿಗದು. ಆ ಪ್ರಶ್ನೆಗೆ ಉತ್ತರವನ್ನು ಸರಕಾರವೇ ಹುಡುಕಬೇಕಾಗಿದೆ.

ತಿಳಿವಳಿಕೆಯೇ ಉದ್ದೇಶವೆಂದು ಸರಕಾರ ಹೇಳಿದ್ದರಿಂದ ಇನ್ನೊಂದು ಮಾತು. ಇಲಾಖೆಯ ಪ್ರಚಾರದ ಭಾಷೆ ಮಲೆಯಾಳ, ಆಸನದೊಂದಿಗೆ ಬರುವ ಪುಸ್ತಿಕೆಯ ಭಾಷೆ ಇಂಗ್ಲಿಷು. ಮಗುವನ್ನು ಎತ್ತಿಕೊಂಡು ಕಾರು ಹತ್ತುವ ನಮ್ಮ ಅಜ್ಜಿಯಂದಿರಲ್ಲಿ ಎರಡನ್ನೂ ಓದಲಾರದವರು ಬಹಳ. ಕನ್ನಡಿಗರು ಸರಕಾರದೊಡನೆ ಕನ್ನಡದಲ್ಲೇ ವ್ಯವಹರಿಸಬಹುದೆಂದು 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯೇ ಹೇಳಿದೆ. ಒಂದು ಪುಟದ ಕನ್ನಡ ಕರಪತ್ರ, ಆಸನ ಕಟ್ಟುವ ಕ್ರಮದ ನಾಲ್ಕು ಚಿತ್ರಗಳು; ಕಾಸರಗೋಡು, ಮಂಜೇಶ್ವರ ತಾಲೂಕುಗಳ ಅಂಗನವಾಡಿಗಳಲ್ಲಿ, ಲಸಿಕೆ ಹಾಕಿಸಲು ತಾಯಂದಿರು ಕಾದು ಕೂರುವ ಆರೋಗ್ಯ ಕೇಂದ್ರಗಳಲ್ಲಿ ಅದು ಸಿಗುವಂತಾಗಬೇಕು. ಮುಂದಿನ ಮಳೆಗಾಲ ಹಿಡಿಯುವ ಮೊದಲೇ ಇಲಾಖೆ ಇಷ್ಟನ್ನು ಮಾಡಲಿ.