ಬೀಗ ಬಿದ್ದ ಪ್ರಯೋಗಶಾಲೆಯೂ ಉದ್ಯಮಿಗಳ ದೂರೂ

ಸಣ್ಣ ಕೈಗಾರಿಕೆಗಳ ಮಾಲೀಕರು ಸೇರಿದಲ್ಲೆಲ್ಲ ಕೇಳಿಬರುವ ದೂರೊಂದಿದೆ. ಎಸ್.ಎಸ್.ಎಲ್.ಸಿ.ಯಲ್ಲಿ ವಿಜ್ಞಾನಕ್ಕೆ ಉತ್ತಮ ಅಂಕ ಪಡೆದು, ಐ.ಟಿ.ಐ. ಮುಗಿಸಿ ಬಂದ ಹುಡುಗನ ಕೈಗೆ ಮಲ್ಟಿಮೀಟರ್ ಕೊಟ್ಟರೆ ಅದರ ಎರಡು ತುದಿಗಳನ್ನು ಎಲ್ಲಿಗೆ ತಾಗಿಸಬೇಕೆಂದು ಅವನಿಗೆ ತಿಳಿಯದು. ಓಮ್‌ನ ನಿಯಮ ಹೇಳೆಂದರೆ ಮಾತ್ರ ಒಂದೇ ಉಸಿರಿಗೆ ಒಪ್ಪಿಸುತ್ತಾನೆ. ಈ ದೂರು ಹೊಸದಲ್ಲ, ಸುಳ್ಳೂ ಅಲ್ಲ. ಆದರೆ ತಪ್ಪನ್ನೆಲ್ಲ ಐ.ಟಿ.ಐ.ಗಳ ತಲೆಗೆ ಕಟ್ಟಿ ಸುಮ್ಮನಾಗುವುದು ಉಚಿತವಲ್ಲ. ಕೊರತೆಯ ಬೇರು ಅದಕ್ಕೂ ಹಿಂದಿನ ವರ್ಷಗಳಲ್ಲಿ, ಪ್ರೌಢಶಾಲೆಯ ವಿಜ್ಞಾನ ತರಗತಿಯಲ್ಲಿದೆ.

ಪಠ್ಯಪುಸ್ತಕವನ್ನು ದೂಷಿಸುವಂತಿಲ್ಲ. ರಾಜ್ಯದ ಹತ್ತನೆಯ ತರಗತಿಯಲ್ಲಿ ಬಳಕೆಗೆ ಬಂದ ಎನ್.ಸಿ.ಇ.ಆರ್.ಟಿ. ವಿಜ್ಞಾನ ಪಠ್ಯವನ್ನು ತೆರೆದು ನೋಡಿದವರಿಗೆ ಪಾಠಪಾಠಕ್ಕೂ ಚಟುವಟಿಕೆಗಳು ಕಾಣುತ್ತವೆ. ಮೈಲುತುತ್ತದ ದ್ರಾವಣದಲ್ಲಿ ಕಬ್ಬಿಣದ ಮೊಳೆಯನ್ನಿಟ್ಟು ಅದರ ಬಣ್ಣ ಬದಲಾಗುವುದನ್ನು ಗಮನಿಸಬೇಕು. ನೈಕ್ರೋಮ್ ತಂತಿಗೆ ಒಂದೊಂದೇ ಶುಷ್ಕಕೋಶವನ್ನು ಸೇರಿಸುತ್ತ ಅಮ್ಮೀಟರ್ ಮತ್ತು ವೋಲ್ಟ್‌ಮೀಟರ್‌ಗಳ ಅಂಕಿಗಳನ್ನು ಬರೆದು ನಕ್ಷೆ ಎಳೆಯಬೇಕು. ಇವುಗಳಲ್ಲಿ ಯಾವುದು ಉದ್ಯಮಿಗೆ ಅಪರಿಚಿತ? ಮೋಟಾರ್ ರಿವೈಂಡಿಂಗ್ ಮಾಡುವವನು ಮೂಲದಲ್ಲಿದ್ದುದಕ್ಕಿಂತ ತೆಳುವಾದ ತಂತಿಯನ್ನು ಸುತ್ತಿದರೆ ರೋಧ ಹೆಚ್ಚಿ, ಸುರುಳಿ ಕಾದು, ಕೊನೆಗೆ ಸುಟ್ಟುಹೋಗುತ್ತದೆ. ಓಮ್‌ನ ನಿಯಮ ಅಲ್ಲಿ ಗಿರಾಕಿಯ ಬೈಗುಳದ ರೂಪದಲ್ಲಿ ಎದುರಾಗುತ್ತದೆ. ವಿದ್ಯುಲ್ಲೇಪನದ ಘಟಕದಲ್ಲಿ ಎಷ್ಟು ಆಂಪಿಯರ್, ಎಷ್ಟು ನಿಮಿಷ ಎಂಬ ಲೆಕ್ಕವೇ ಲೇಪದ ದಪ್ಪವನ್ನು ನಿರ್ಧರಿಸುತ್ತದೆ. ಬೆಳಗಾವಿಯ ಎರಕದ ಘಟಕಗಳಲ್ಲೂ ಪೀಣ್ಯದ ಯಂತ್ರಾಗಾರಗಳಲ್ಲೂ ನಿತ್ಯ ನಡೆಯುವ ಇಂತಹ ಕೆಲಸವನ್ನು ವಿದ್ಯಾರ್ಥಿಯು ಪುಸ್ತಕದ ಚಿತ್ರದಲ್ಲಿ ಮಾತ್ರ ನೋಡಿ ಮುಂದಿನ ತರಗತಿಗೆ ಹೋಗುತ್ತಿರುವುದೇ ವಿಷಾದದ ಸಂಗತಿ.

ಪ್ರಯೋಗಗಳು ನಡೆಯದಿರಲು ಕಾರಣಗಳು ಗೂಢವಾದವೇನಲ್ಲ. ವಿಜ್ಞಾನದ 100 ಅಂಕಗಳಲ್ಲಿ 80 ಲಿಖಿತ ಪರೀಕ್ಷೆಗೆ ಮೀಸಲು. ಉಳಿದ 20 ಶಾಲೆಯೇ ನೀಡುವ ಆಂತರಿಕ ಅಂಕಗಳು. ಹೊರಗಿನವರ ಎದುರು ಒಂದು ಮಂಡಲವನ್ನು ಜೋಡಿಸಿ ತೋರಿಸಬೇಕಾದ ಪ್ರಸಂಗ ವಿದ್ಯಾರ್ಥಿಗೆ ಬರುವುದೇ ಇಲ್ಲ. ಭೌತಶಾಸ್ತ್ರ ಬೋಧಿಸುವ ಪಿ.ಸಿ.ಎಂ. ಶಿಕ್ಷಕರೇ ಗಣಿತವನ್ನೂ ನಿರ್ವಹಿಸಬೇಕು, ಫಲಿತಾಂಶ ಕುಸಿದರೆ ವಿವರಣೆಯನ್ನೂ ಕೊಡಬೇಕು. ಇದರ ಮೇಲೆ ದಾಸ್ತಾನು ಪುಸ್ತಕದ ಭಯ ಬೇರೆ. ಗಾಜಿನ ಪ್ರನಾಳ ಒಡೆದರೆ, ಮಾಪಕ ಕೆಟ್ಟರೆ ಲೆಕ್ಕ ಒಪ್ಪಿಸಬೇಕಾದವರು ಶಿಕ್ಷಕರೇ ಆಗಿರುವಾಗ, ಕಪಾಟಿಗೆ ಬೀಗ ಹಾಕುವುದು ಅವರಿಗೆ ಕ್ಷೇಮವೆನಿಸಿದರೆ ಆಶ್ಚರ್ಯವಿಲ್ಲ. ಉಗ್ರಾಣ ನಡೆಸಿ ಬಲ್ಲ ವ್ಯಾಪಾರಿಗಳಿಗೆ ಈ ಮನೋಭಾವವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಣವಿಲ್ಲದೆ ಇದು ಸುಧಾರಿಸದೆಂಬ ಮಾತನ್ನು ಮಾತ್ರ ಒಪ್ಪಲಾಗದು. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ (ಇಂದಿನ ನರ್ಮದಾಪುರಂ) ಜಿಲ್ಲೆಯ 16 ಗ್ರಾಮೀಣ ಮಾಧ್ಯಮಿಕ ಶಾಲೆಗಳಲ್ಲಿ ಎರಡು ಸ್ವಯಂಸೇವಾ ಸಂಸ್ಥೆಗಳು ಸರ್ಕಾರದ ಅನುಮತಿ ಪಡೆದು ಪ್ರಯೋಗಾಧಾರಿತ ವಿಜ್ಞಾನ ಬೋಧನೆಯನ್ನು ಆರಂಭಿಸಿದವು. ಅದು 6ರಿಂದ 8ನೆಯ ತರಗತಿಗಳಿಗೆ ಸೀಮಿತವಾಗಿತ್ತು. ಅಲ್ಲಿ ಮಕ್ಕಳು ಪ್ರಯೋಗ ಮಾಡಿಯೇ ಕಲಿಯಬೇಕಿತ್ತು. ಪರೀಕ್ಷೆಗೆ ಪುಸ್ತಕವನ್ನು ಕೊಂಡೊಯ್ಯಲು ಅವಕಾಶವಿತ್ತು. 1978ರಲ್ಲಿ ಇಡೀ ಜಿಲ್ಲೆಗೆ ಹಬ್ಬಿದ ಈ ಕಾರ್ಯಕ್ರಮವನ್ನು 2002ರಲ್ಲಿ ಅಲ್ಲಿನ ಸರ್ಕಾರವೇ ನಿಲ್ಲಿಸಿತೆಂಬುದು ಬೇರೊಂದು ಚರ್ಚೆಯ ವಿಷಯ. ಉದ್ಯಮಿಗಳು ಗಮನಿಸಬೇಕಾದುದು ಇನ್ನೊಂದಿದೆ. ಪುಣೆಯ ಟೆಲ್ಕೋ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದ ಅರವಿಂದ ಗುಪ್ತಾ 1978ರಲ್ಲಿ ಒಂದು ವರ್ಷದ ರಜೆ ಪಡೆದು ಈ ಕಾರ್ಯಕ್ರಮಕ್ಕೆ ಬಂದರು. ಸೈಕಲ್ಲಿನ ವಾಲ್ವ್ ಟ್ಯೂಬಿನ ತುಣುಕುಗಳಿಂದ ಬೆಂಕಿಕಡ್ಡಿಗಳನ್ನು ಜೋಡಿಸಿ ರೇಖಾಗಣಿತದ ಆಕೃತಿಗಳನ್ನು ಕಟ್ಟುವ ವಿಧಾನ ಆ ಹಳ್ಳಿಗಳ ಒಡನಾಟದಿಂದಲೇ ರೂಪುಗೊಂಡಿತು. 2018ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಕಾರ್ಖಾನೆಯೊಂದು ಶಾಲೆಗಳಿಗೆ ಕೊಟ್ಟದ್ದು ಒಬ್ಬ ಮನುಷ್ಯನ ಸಮಯವನ್ನು.

ಇಲ್ಲಿಯ ಉದ್ಯಮಿಗಳ ದಾನಬುದ್ಧಿಗೆ ಕೊರತೆಯಿಲ್ಲ. ಆದರೆ ಅದು ಕಂಪ್ಯೂಟರ್, ಬೆಳ್ಳಿಯ ಬಟ್ಟಲು, ಹೆಸರು ಕೆತ್ತಿದ ಕಲ್ಲಿನ ಫಲಕಗಳ ಕಡೆಗೆ ವಾಲುತ್ತದೆ. ಶಾಲೆಗೆ ಬೇಕಾದುದು ಒಡೆದರೂ ಸವೆದರೂ ಯಾರೂ ಲೆಕ್ಕ ಕೇಳದ ವಸ್ತುಗಳು. ಒಂದೇ ಅಳತೆಗೆ ಕತ್ತರಿಸಿದ ಅಲ್ಯೂಮಿನಿಯಂ, ಕಬ್ಬಿಣ, ಹಿತ್ತಾಳೆಯ ತುಂಡುಗಳನ್ನು ತಕ್ಕಡಿಗೆ ಹಾಕಿದರೆ ಸಾಂದ್ರತೆಯ ಪಾಠ ತಾನಾಗಿಯೇ ಮುಗಿಯುತ್ತದೆ. ಕಬ್ಬಿಣದ ತುಂಡು ಅಲ್ಯೂಮಿನಿಯಂಗಿಂತ ಸುಮಾರು ಮೂರು ಪಟ್ಟು ತೂಗುವುದನ್ನು ಒಮ್ಮೆ ಕೈಯಲ್ಲಿ ಹಿಡಿದವನು ಮರೆಯಲಾರ. ಉಳಿದ ಸುತ್ತುತಂತಿ, ಕೆಟ್ಟ ಧ್ವನಿವರ್ಧಕದ ಅಯಸ್ಕಾಂತ, ಬೇರಿಂಗಿನ ಗುಂಡುಗಳು, ಬದಲಿಸಿದ ಹಳೆಯ ಮಲ್ಟಿಮೀಟರ್ ಇವೆಲ್ಲ ಗುಜರಿಗೆ ಹೋದರೆ ಬರುವ ಹಣ ಅತ್ಯಲ್ಪ. ಎಚ್ಚರಿಕೆಯ ಮಾತೊಂದುಂಟು: ಬಳಸಿದ ಲೇಪನ ದ್ರಾವಣ, ಹಳೆಯ ಬ್ಯಾಟರಿಯ ಸೀಸದ ಫಲಕ, ಗಾಢ ಆಮ್ಲಗಳು ಯಾವ ಕಾರಣಕ್ಕೂ ಶಾಲೆಯ ಬಾಗಿಲು ದಾಟಬಾರದು. ಘಟಕಕ್ಕೆ ಮಕ್ಕಳನ್ನು ಕರೆದರೂ ಅದು ನೋಡಲು ಮಾತ್ರ; ಹೆಣ್ಣುಮಕ್ಕಳನ್ನು ಹೊರಗಿಟ್ಟು ಗಂಡುಮಕ್ಕಳನ್ನಷ್ಟೇ ಕರೆಯುವ ಪರಿಪಾಠವೂ ಸಲ್ಲದು.

ತೆರಿಗೆ ಕಟ್ಟಿದ ಮೇಲೆ ಇದೆಲ್ಲ ಸರ್ಕಾರದ ಕೆಲಸವಲ್ಲವೇ ಎಂದು ಕೇಳುವವರಿದ್ದಾರೆ. ಅದು ನ್ಯಾಯವಾದ ಪ್ರಶ್ನೆ. 2013ರ ಕಂಪನಿ ಕಾಯಿದೆಯ 135ನೆಯ ಪ್ರಕರಣವು ಹೇಳುವ ಸಾಮಾಜಿಕ ಹೊಣೆಗಾರಿಕೆ ದೊಡ್ಡ ಕಂಪನಿಗಳಿಗೆ ಅನ್ವಯಿಸುತ್ತದೆಯೇ ಹೊರತು, ಹತ್ತು ಜನರನ್ನಿಟ್ಟುಕೊಂಡು ಲೇಥ್ ನಡೆಸುವವನಿಗಲ್ಲ. ಸರ್ಕಾರವೂ ಕೈಕಟ್ಟಿ ಕುಳಿತಿಲ್ಲ. 2016ರಲ್ಲಿ ಆರಂಭವಾದ ಅಟಲ್ ಟಿಂಕರಿಂಗ್ ಪ್ರಯೋಗಾಲಯ ಯೋಜನೆಯಲ್ಲಿ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿಗಳವರೆಗೆ ಅನುದಾನವಿದೆ. ಆದರೆ ಯಂತ್ರ ತರಿಸಬಹುದಾದ ಹಣ, ಅದನ್ನು ನಿರ್ಭಯವಾಗಿ ಬಿಚ್ಚಿ ಜೋಡಿಸುವ ಕೈಯನ್ನು ತರಿಸಲಾರದು. ಅಂತಹ ಕೈಗಳು ಕೈಗಾರಿಕಾ ವಸಾಹತುವಿನ ಪ್ರತಿ ಬೀದಿಯಲ್ಲೂ ಇವೆ. ಇಪ್ಪತ್ತು ವರ್ಷ ರಿವೈಂಡಿಂಗ್ ಮಾಡಿದ ಕುಶಲಕರ್ಮಿಯು ಶಿಕ್ಷಕರ ಪಕ್ಕದಲ್ಲಿ ಒಂದು ಗಂಟೆ ನಿಂತರೆ, ಶಿಕ್ಷಕರಿಗೂ ಧೈರ್ಯ ಬರುತ್ತದೆ.

ಪ್ರೌಢಶಾಲೆಗಳಲ್ಲಿ ಶೈಕ್ಷಣಿಕ ವರ್ಷದ ಆರಂಭದಲ್ಲೇ ಪಾಠಯೋಜನೆ ಸಿದ್ಧವಾಗುತ್ತದೆ. ವಿದ್ಯುಚ್ಛಕ್ತಿಯ ಅಧ್ಯಾಯ ಯಾವ ತಿಂಗಳಲ್ಲೆಂಬುದು ಅದರಲ್ಲಿ ನಮೂದಾಗಿರುತ್ತದೆ. ಮುಖ್ಯೋಪಾಧ್ಯಾಯರನ್ನು ಕಂಡು ಆ ಹಾಳೆಯ ಪ್ರತಿಯನ್ನು ಕೇಳಿ ಪಡೆದು, ತಂತಿಯ ಸುರುಳಿಯನ್ನೂ ಅದನ್ನು ಸುತ್ತಬಲ್ಲವನನ್ನೂ ಆ ವಾರವೇ ಶಾಲೆಗೆ ಕಳುಹಿಸಲು ಆರ್ಥಿಕ ವರ್ಷದ ಮಂಜೂರಾತಿಗಾಗಿ ಕಾಯಬೇಕಾಗಿಲ್ಲ.