ಸ್ಟೋರೇಜ್ ಫುಲ್ ಆದಾಗ ನಾವು ಏನನ್ನು ಅಳಿಸುತ್ತಿದ್ದೇವೆ?

ಕಳೆದ ವರ್ಷ ಪ್ರಥಮ ಪಿಯುಸಿಯಲ್ಲಿದ್ದಾಗ ರಸಾಯನಶಾಸ್ತ್ರದ ವಿಡಿಯೊ ಪಾಠಗಳನ್ನು ನಾನು ದಾದಿಯ ಫೋನಿನಲ್ಲಿ ನೋಡುತ್ತಿದ್ದೆ. 32 ಜಿಬಿಯ ಹಳೆಯ ಫೋನು. ಒಂದು ಸಂಜೆ ಪಾಠ ಡೌನ್‌ಲೋಡ್ ಆಗಲಿಲ್ಲ, 'ಸ್ಟೋರೇಜ್ ಫುಲ್' ಎಂದು ಬಂತು. ನೀವೆಲ್ಲ ಮಾಡುವುದನ್ನೇ ನಾನೂ ಮಾಡಿದೆ. ಫೈಲ್ ಮ್ಯಾನೇಜರ್ ತೆರೆದು ಗುಡ್ ಮಾರ್ನಿಂಗ್ ಚಿತ್ರಗಳು, ಜುಮಾ ಮುಬಾರಕ್ ಚಿತ್ರಗಳು, ಯಾರದೋ ಮದುವೆಯ ವಿಡಿಯೊಗಳು ಎಲ್ಲವನ್ನೂ ಅಳಿಸಿದೆ. 'ರೆಕಾರ್ಡಿಂಗ್ಸ್' ಎಂಬ ಫೋಲ್ಡರಿನಲ್ಲಿ ಬರೀ ಅಂಕಿಗಳೇ ಹೆಸರಾಗಿದ್ದ ಏಳೆಂಟು ಫೈಲುಗಳಿದ್ದವು. ತೆರೆದು ಕೇಳಲಿಲ್ಲ. ಅವನ್ನೂ ಅಳಿಸಿದೆ. ಪಾಠ ಡೌನ್‌ಲೋಡ್ ಆಯಿತು.

ನಾಲ್ಕು ತಿಂಗಳ ನಂತರ ದಾದಾ ತೀರಿಕೊಂಡರು. ನಲವತ್ತನೆಯ ದಿನದ ಫಾತಿಹಾ ಮುಗಿದು ಬಂದವರೆಲ್ಲ ಹೋದ ಮೇಲೆ ದಾದಿ ಫೋನನ್ನು ನನ್ನ ಕೈಗೆ ಕೊಟ್ಟು, "ಬೇಟೀ, ದಾದಾ ಕಾ ಪದ ಲಗಾ ಜರಾ" ಎಂದರು. ದಾದಾ ಚಿಕ್ಕಂದಿನಿಂದ ಮೊಹರಂ ಪದ ಹಾಡುತ್ತಿದ್ದರು. ಕೆಲವರು ಇದನ್ನು ರಿವಾಯತ್ ಪದ ಎನ್ನುತ್ತಾರೆ. ಕರ್ಬಲಾದ ಕಥೆ, ಆದರೆ ಭಾಷೆ ನಮ್ಮ ಕನ್ನಡ. ಹಿಂದಿನ ಮೊಹರಂನ ಖತಲ್ ರಾತ್ರಿ ದಾದಿ ಹೇಳಿ ಚಾಚಾನ ಮಗನಿಂದ ಅದನ್ನು ರೆಕಾರ್ಡ್ ಮಾಡಿಸಿದ್ದರಂತೆ, ಇಪ್ಪತ್ತಮೂರು ನಿಮಿಷ. ಅದು ಆ ಅಂಕಿ ಹೆಸರಿನ ಫೈಲುಗಳಲ್ಲಿ ಒಂದಾಗಿತ್ತು.

(ಮೊಹರಂ ಪದ ಹಾಡುವುದು ಸರಿಯೋ ತಪ್ಪೋ ಎಂಬ ಚರ್ಚೆ ನಮ್ಮ ಮನೆಯಲ್ಲೇ ಇದೆ. ಚಾಚಾ ಒಪ್ಪುವುದಿಲ್ಲ. ಆದರೆ ಫೈಲ್ ಹೋಯಿತೆಂದು ತಿಳಿದಾಗ ಎಲ್ಲರಿಗಿಂತ ಹೆಚ್ಚು ಬೇಸರಪಟ್ಟವರೂ ಚಾಚಾನೇ. ಅದು ಅವರ ಅಬ್ಬಾನ ದನಿ.)

ಲೆಕ್ಕ ಹಾಕಿದರೆ ಇನ್ನೂ ಸಂಕಟವಾಗುತ್ತದೆ. ಸಾಧಾರಣ ಗುಣಮಟ್ಟದ ಧ್ವನಿಗೆ ನಿಮಿಷಕ್ಕೆ ಸುಮಾರು 1 ಎಂಬಿ ಸಾಕು. ಅಂದರೆ ದಾದಾನ ಪದ ಹಿಡಿದಿದ್ದ ಜಾಗ ಇಪ್ಪತ್ತಮೂರು ಎಂಬಿಯ ಆಸುಪಾಸು. ಫುಲ್ ಎಚ್‌ಡಿಯಲ್ಲಿ ಒಂದೇ ಒಂದು ನಿಮಿಷದ ವಿಡಿಯೊ ತೆಗೆದರೆ ನೂರು ಎಂಬಿ ದಾಟುತ್ತದೆ. ಮದುವೆ ಊಟದ ಒಂದು ವಿಡಿಯೊ ಅಳಿಸಿದ್ದರೆ ಸಾಕಿತ್ತು.

ಯಾದಗಿರಿಯ ಒಂದು ಮೊಬೈಲ್ ಅಂಗಡಿಗೆ ಹೋದೆವು. ಅಳಿಸಿದ ಫೈಲು ಕೆಲವು ಫೋನುಗಳಲ್ಲಿ ಮೂವತ್ತು ದಿನ ಕಸದ ಬುಟ್ಟಿಯಲ್ಲಿ ಇರುತ್ತದೆ. ಆ ಮೂವತ್ತು ದಿನ ಎಂದೋ ಕಳೆದಿತ್ತು. ಖಾಲಿಯಾದ ಜಾಗದ ಮೇಲೆ ನಾನು ಪಾಠಗಳನ್ನು ತುಂಬಿಯೂ ಬಿಟ್ಟಿದ್ದೆ. ಒಂದು ಪುಟದ ಅಕ್ಷರ ಅಳಿಸಿ ಅದರ ಮೇಲೆ ಬೇರೆ ಬರೆದರೆ ಹಳೆಯದನ್ನು ಓದುವುದು ಹೇಗೆ? "ಎರಡು ದಿನ ಫೋನ್ ಬಿಟ್ಟು ಹೋಗ್ರಿ, ಪ್ರಯತ್ನ ಮಾಡ್ತೀನಿ" ಎಂದ ಅಂಗಡಿಯ ಹುಡುಗ. ಅಮ್ಮಿ ಒಪ್ಪಲಿಲ್ಲ. ಅದರೊಳಗೆ ಮನೆಯ ಹೆಣ್ಣುಮಕ್ಕಳ ಫೋಟೊಗಳಿದ್ದವು. ಅಮ್ಮಿಯ ಮಾತು ನನಗೂ ಸರಿ ಎನಿಸಿತು.

ಇಷ್ಟನ್ನು ಹೇಳಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತಿರುವುದು ಏಕೆಂದರೆ, ನಮ್ಮೂರಿನ ಮನೆಮನೆಯಲ್ಲೂ ದೊಡ್ಡವರ ಫೋನಿನ ಜಾಗ ಖಾಲಿ ಮಾಡಿಕೊಡುವವರು ನಾವೇ, ಪಿಯುಸಿ ಓದುವ ಹುಡುಗ ಹುಡುಗಿಯರು. ಅಳಿಸುವ ಕೆಲಸ ನಮಗೆ ಬಂದಿದೆ. ಅಳಿಸುವ ಮುಂಚೆ ಕಂಪ್ಯೂಟರಿಗೆ ಒಂದು ಪ್ರತಿ ಹಾಕಿಡುವ ಕೆಲಸವೂ ನಮ್ಮದೇ ಆಗಬೇಕು ಎಂಬುದು ನನ್ನ ಅಭಿಪ್ರಾಯ.

ಬೇರೆಯವರಿಗಿಂತ ನಮ್ಮ ಮನೆಗಳಿಗೆ ಇದು ಹೆಚ್ಚು ಬೇಕು. ಗೋಡೆಗೆ ಫೋಟೊ ಹಾಕುವ ಪದ್ಧತಿ ನಮ್ಮಲ್ಲಿ ಬಹಳ ಮನೆಗಳಲ್ಲಿ ಇಲ್ಲ. ಪಕ್ಕದ ಓಣಿಯ ಗೆಳತಿಯ ಮನೆಯಲ್ಲಿ ತೀರಿಕೊಂಡ ಅಜ್ಜನ ಫೋಟೊ ದೊಡ್ಡದಾಗಿ ಕಟ್ಟು ಹಾಕಿ ತೂಗು ಹಾಕಿದ್ದಾರೆ. ಫೋನ್ ಹೋದರೂ ಅಜ್ಜನ ಮುಖ ಉಳಿಯುತ್ತದೆ. ನಮ್ಮಲ್ಲಿ ದಾದಾನ ಮುಖ ಇರುವುದು ಆಧಾರ್ ಕಾರ್ಡಿನಲ್ಲಿ ಮತ್ತು ಫೋನಿನಲ್ಲಿ. ಆಧಾರ್ ಕಾರ್ಡಿನ ಫೋಟೊ ಹೇಗಿರುತ್ತದೆ ಎಂದು ನಿಮಗೆ ಗೊತ್ತೇ ಇದೆ.

"ಎಲ್ಲಾ ಗೂಗಲ್‌ನಾಗ ಇರ್ತದ ಬಿಡು" ಎನ್ನುವ ಗೆಳತಿಯರಿಗೆ ನಾನು ಈಗ ಒಂದಿಷ್ಟು ಪ್ರಶ್ನೆ ಕೇಳುತ್ತೇನೆ. ಗೂಗಲ್ ಫೋಟೋಸ್ ಫೋಟೊ ಮತ್ತು ವಿಡಿಯೊಗಳನ್ನು ಮಾತ್ರ ಎತ್ತಿಟ್ಟುಕೊಳ್ಳುತ್ತದೆ, ಧ್ವನಿಯ ಫೈಲುಗಳನ್ನು ಮುಟ್ಟುವುದಿಲ್ಲ ಎಂದು ಗೊತ್ತೇ? ವಾಟ್ಸಾಪ್‌ನಲ್ಲಿ ಬಂದ ಫೋಟೊಗಳ ಫೋಲ್ಡರನ್ನು ಬೇರೆಯಾಗಿ ಆನ್ ಮಾಡಬೇಕು ಎಂದು ಗೊತ್ತೇ? ಮಿತಿಯಿಲ್ಲದ ಉಚಿತ ಜಾಗ 2021ರ ಜೂನ್ 1ಕ್ಕೆ ನಿಂತುಹೋಯಿತು. ಈಗ ಉಚಿತವಾಗಿ ಸಿಗುವುದು ಜಿಮೇಲ್, ಡ್ರೈವ್ ಎಲ್ಲ ಸೇರಿ 15 ಜಿಬಿ. ಅದು ತುಂಬಿದ ದಿನದಿಂದ ಹೊಸ ಫೋಟೊ ಮೇಲೆ ಹೋಗುವುದಿಲ್ಲ. ಫೋನು ಅದನ್ನು ಹೇಳುತ್ತದೆ, ಆದರೆ ನಮ್ಮ ದಾದಿಯಂಥವರು ಅದನ್ನು ಓದುವುದಿಲ್ಲ. ಇನ್ನೂ ಮುಖ್ಯವಾದದ್ದು, ಗೂಗಲ್ ಫೋಟೋಸ್‌ನಲ್ಲಿ ಒಂದು ಫೋಟೊ ಅಳಿಸಿದರೆ ಅದು ಫೋನಿನಲ್ಲೂ ಹೋಗುತ್ತದೆ, ಮೇಲಿನ ಪ್ರತಿಯೂ ಹೋಗುತ್ತದೆ. ಒಂದೇ ಫೋಟೊವನ್ನು ಎರಡು ಕಿಟಕಿಯಿಂದ ನೋಡಿದಂತೆ ಅದು, ಎರಡು ಪ್ರತಿ ಅಲ್ಲ. ಬುಟ್ಟಿಯಲ್ಲಿ 60 ದಿನ ಇರುತ್ತದೆ, ಆಮೇಲೆ ಇಲ್ಲ.

ದೊಡ್ಡವರ ಖಾತೆಯ ಕಥೆಯೇ ಬೇರೆ. ದಾದಿಯ ಜಿಮೇಲ್ ಖಾತೆಯನ್ನು ಫೋನ್ ಕೊಂಡ ದಿನ ಅಂಗಡಿಯವರೇ ಮಾಡಿಕೊಟ್ಟಿದ್ದರು. ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. ಫೋನ್ ಕೆಟ್ಟರೆ ಆ ಖಾತೆಯ ಬಾಗಿಲೂ ಮುಚ್ಚಿದಂತೆ. ಎರಡು ವರ್ಷ ಬಳಸದೆ ಬಿಟ್ಟ ಖಾತೆಗಳನ್ನು ಅದರೊಳಗಿನ ಫೋಟೊ ಸಹಿತ ತೆಗೆದುಹಾಕುವ ನಿಯಮ ಗೂಗಲ್‌ಗೆ ಇದೆ. ಇಂದು ರಾತ್ರಿಯೇ ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ, ಎಷ್ಟು ಜನರಿಗೆ ಪಾಸ್‌ವರ್ಡ್ ಗೊತ್ತಿದೆ ಎಂದು.

ದೊಡ್ಡ ಕಂಪನಿಗಳ ಕೈಯಲ್ಲೂ ಕಳೆದುಹೋಗುತ್ತದೆ. ಮೈಸ್ಪೇಸ್ ಎಂಬ ಜಾಲತಾಣದಲ್ಲಿ ಲಕ್ಷಾಂತರ ಜನ ತಾವು ಹಾಡಿದ ಹಾಡುಗಳನ್ನು ಇಟ್ಟಿದ್ದರು. 2003ರಿಂದ 2015ರವರೆಗೆ ಹಾಕಿದ ಹಾಡುಗಳು ಸರ್ವರ್ ಬದಲಿಸುವಾಗ ಹೋದವು ಎಂದು 2019ರಲ್ಲಿ ಸುದ್ದಿಯಾಯಿತು. ತಮ್ಮ ಕಂಪ್ಯೂಟರಿನಲ್ಲಿ ಒಂದು ಪ್ರತಿ ಇಟ್ಟುಕೊಂಡವರ ಹಾಡು ಉಳಿಯಿತು, ಉಳಿದವರದು ಹೋಯಿತು. ಕನ್ನಡದ ಮೊದಲ ಮಾತಿನ ಚಿತ್ರ 1934ರ 'ಸತಿ ಸುಲೋಚನ' ಕೂಡ ಇಂದು ನೋಡಲು ಸಿಗುವುದಿಲ್ಲ.

ಇದಕ್ಕೆ ವಿರುದ್ಧವಾದ ಕಥೆಯೂ ಒಂದಿದೆ. 1998ರಲ್ಲಿ ಅಮೆರಿಕದ ಪಿಕ್ಸಾರ್ ಸ್ಟುಡಿಯೊದಲ್ಲಿ 'ಟಾಯ್ ಸ್ಟೋರಿ 2' ಚಿತ್ರ ತಯಾರಾಗುತ್ತಿದ್ದಾಗ ಯಾರೋ ಕೊಟ್ಟ ತಪ್ಪು ಆದೇಶದಿಂದ ಅದರ ಫೈಲುಗಳು ಅಳಿಸತೊಡಗಿದವು. ಬ್ಯಾಕಪ್ ಇತ್ತು, ಆದರೆ ಅದು ಸರಿಯಾಗಿ ಆಗಿರಲಿಲ್ಲ, ಯಾರೂ ಪರೀಕ್ಷೆ ಮಾಡಿರಲಿಲ್ಲ. ಕೊನೆಗೆ ಚಿತ್ರವನ್ನು ಉಳಿಸಿದ್ದು ಗ್ಯಾಲಿನ್ ಸುಸ್ಮನ್ ಎಂಬ ತಂತ್ರಜ್ಞೆಯ ಮನೆಯ ಕಂಪ್ಯೂಟರ್. ಹೆರಿಗೆಯ ನಂತರ ಮಗುವಿನೊಂದಿಗೆ ಮನೆಯಿಂದಲೇ ಕೆಲಸ ಮಾಡಲೆಂದು ಅವರು ಒಂದು ಪ್ರತಿ ಇಟ್ಟುಕೊಂಡಿದ್ದರು. ಆ ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ ಕಾರಿನಲ್ಲಿ ಸ್ಟುಡಿಯೊಗೆ ತಂದರು. ಮರುವರ್ಷ ಚಿತ್ರ ಬಿಡುಗಡೆಯಾಯಿತು.

ದೂರದ ಉದಾಹರಣೆ ಏಕೆ, ನಾವೆಲ್ಲ ದೀನಿಯಾತ್ ತರಗತಿಯಲ್ಲಿ ಕಲಿತದ್ದೇ ಇದೆ. ಯಮಾಮ ಯುದ್ಧದಲ್ಲಿ ಕುರ್‌ಆನ್ ಕಂಠಪಾಠವಿದ್ದ ಅನೇಕ ಸಹಾಬಿಗಳು ಶಹೀದರಾದಾಗ ಹಜರತ್ ಉಮರ್ (ರ) ಅವರಿಗೆ ಆತಂಕವಾಯಿತು. ಅವರ ಸಲಹೆಯಂತೆ ಹಜರತ್ ಅಬೂಬಕರ್ (ರ) ಅವರು ಝೈದ್ ಬಿನ್ ಸಾಬಿತ್ (ರ) ಅವರಿಗೆ ಬರೆದಿಡುವ ಕೆಲಸ ಒಪ್ಪಿಸಿದರು. ಮುಂದೆ ಹಜರತ್ ಉಸ್ಮಾನ್ (ರ) ಅವರು ಪ್ರತಿಗಳನ್ನು ಮಾಡಿಸಿ ಬೇರೆ ಬೇರೆ ಪಟ್ಟಣಗಳಿಗೆ ಕಳಿಸಿದರು. ಅಲ್ಲಾಹನ ಕಲಾಮ್‌ಗೂ ನಮ್ಮ ಮನೆಯ ಫೋಟೊಗೂ ಹೋಲಿಕೆ ಮಾಡುತ್ತಿಲ್ಲ, ತೌಬಾ. ಅಷ್ಟು ಎದೆಗಳಲ್ಲಿ ಭದ್ರವಾಗಿದ್ದರೂ ಬರಹದಲ್ಲಿ ಇರಲಿ, ಒಂದೇ ಊರಿನಲ್ಲಿ ಇರದಿರಲಿ ಎಂದು ದೊಡ್ಡವರು ಯೋಚಿಸಿದ ರೀತಿಯನ್ನು ನೆನಪಿಸುತ್ತಿದ್ದೇನೆ ಅಷ್ಟೆ.

ನಮ್ಮ ಮನೆಯಲ್ಲಿ ಈಗ ಮಾಡಿರುವುದು ಇಷ್ಟು. ಭಾಯಿಜಾನ್ ತಂದ ಒಂದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಇದೆ. ತಿಂಗಳಿಗೊಮ್ಮೆ ಎಲ್ಲರ ಫೋನನ್ನೂ ಕೇಬಲ್‌ನಿಂದ ಜೋಡಿಸಿ ಕ್ಯಾಮೆರಾ, ವಾಟ್ಸಾಪ್, ರೆಕಾರ್ಡಿಂಗ್ಸ್ ಈ ಮೂರು ಫೋಲ್ಡರ್‌ಗಳನ್ನು ಕಾಪಿ ಮಾಡುತ್ತೇನೆ. ಕಟ್ ಮಾಡುವುದಿಲ್ಲ. ನಡುವೆ ಕರೆಂಟ್ ಹೋದರೆ ಎಂಬ ಭಯ, ನಮ್ಮಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಎಂದು ಯಾರು ಹೇಳಬಲ್ಲರು? ವರ್ಷಕ್ಕೊಂದು ಫೋಲ್ಡರ್, ಅದರೊಳಗೆ ತಿಂಗಳು. ಕಾಪಿ ಆದ ಮೇಲೆ ಎರಡೂ ಕಡೆ ಫೈಲುಗಳ ಸಂಖ್ಯೆ ಒಂದೇ ಇದೆಯೇ ಎಂದು ನೋಡಿ, ಅಲ್ಲೊಂದು ಇಲ್ಲೊಂದು ತೆರೆದು ನೋಡುತ್ತೇನೆ. ಧ್ವನಿಯ ಫೈಲುಗಳಿಗೆ ಮಾತ್ರ ಕಡ್ಡಾಯವಾಗಿ ಹೆಸರು ಬರೆಯುತ್ತೇನೆ: ಯಾರು, ಯಾವಾಗ, ಏನು. ಫೋಟೊ ಆದರೆ ನೋಡಿದ ತಕ್ಷಣ ಗೊತ್ತಾಗುತ್ತದೆ, ಧ್ವನಿಯನ್ನು ತೆರೆಯದೆ ಗುರುತು ಹಿಡಿಯಲಾಗದು. ಅದೇ ನನ್ನನ್ನು ಕೆಡಿಸಿದ್ದು.

ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಒಂದನ್ನೇ ನಂಬಿ ಕೂರುವಂತಿಲ್ಲ. ಅದರೊಳಗೆ ತಿರುಗುವ ತಟ್ಟೆ ಇದೆ, ಅದೊಂದು ಯಂತ್ರ, ಒಂದಲ್ಲ ಒಂದು ದಿನ ಕೆಡುತ್ತದೆ. ನಮ್ಮ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕೋಣೆಯಲ್ಲಿ ಅದರ ಗತಿ ಏನು ಹೇಳುವುದು. ಅದಕ್ಕೇ ಇನ್ನೊಂದು ಪ್ರತಿಯನ್ನು ಹೊರಗಿನ ಡಿಸ್ಕ್‌ಗೆ ಹಾಕಿ ತೆಗೆದಿಡಬೇಕು. ಸದಾ ಕಂಪ್ಯೂಟರಿಗೇ ಚುಚ್ಚಿಟ್ಟರೆ ವೈರಸ್ ಬಂದಾಗ ಎರಡೂ ಒಟ್ಟಿಗೆ ಹೋಗುತ್ತವೆ. ಡಿಸ್ಕ್ ಕೊಳ್ಳಲು ಆಗದವರಿಗೆ 64 ಜಿಬಿಯ ಪೆನ್‌ಡ್ರೈವ್ ಸಾಕು, ಒಂದು ಜೊತೆ ಒಳ್ಳೆ ಚಪ್ಪಲಿಯ ಬೆಲೆ. ಒಂದು ಫೋಟೊಗೆ 3 ಎಂಬಿ ಎಂದು ಹಿಡಿದರೆ ಹತ್ತು ಸಾವಿರ ಫೋಟೊಗೆ 30 ಜಿಬಿ. ನಮ್ಮ ಇಡೀ ಖಾಂದಾನಿನ ಫೋಟೊ ಅದರಲ್ಲಿ ಹಿಡಿಯಿತು. ಆ ಪೆನ್‌ಡ್ರೈವ್ ಈಗ ಬೆಂಗಳೂರಿನಲ್ಲಿದೆ. ಭಾಯಿಜಾನ್ ಈದ್‌ಗೆ ಬಂದು ಉದ್ಯಾನ್ ಎಕ್ಸ್‌ಪ್ರೆಸ್‌ಗೆ ವಾಪಸ್ ಹೋಗುವಾಗ ಉಪ್ಪಿನಕಾಯಿ ಡಬ್ಬಿಯ ಜೊತೆ ಅದನ್ನೂ ಕಟ್ಟಿಕೊಟ್ಟೆವು. ಮುಂದಿನ ಈದ್‌ಗೆ ತರುತ್ತಾರೆ, ಹೊಸದನ್ನು ಸೇರಿಸಿ ಕೊಡುತ್ತೇನೆ. ದುಡಿಯಲು ಬೆಂಗಳೂರು, ಪುಣೆ, ಮುಂಬೈಗೆ ಹೋದವರು ನಮ್ಮ ಭಾಗದಲ್ಲಿ ಎಷ್ಟೋ ಮನೆಗಳಲ್ಲಿ ಇದ್ದಾರೆ. ಬೇರೆ ಊರಿನಲ್ಲಿ ಒಂದು ಪ್ರತಿ ಇಡುವುದು ನಮಗೆ ಕಷ್ಟವೇ ಅಲ್ಲ.

ಫುಪ್ಪಿಯ ಮದುವೆಯ ಡಿವಿಡಿಯನ್ನೂ ಹಾಕಿಸಿದೆವು. ಈಗಿನ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಡಿವಿಡಿ ಹಾಕುವ ಜಾಗವೇ ಇಲ್ಲ. ನಮ್ಮ ಹಳೇ ಕಂಪ್ಯೂಟರಿನಲ್ಲಿ ಇತ್ತು, ಅದಕ್ಕೇ ಬಚಾವ್. ನಿಮ್ಮ ಮನೆಯ ಬೀರುವಿನಲ್ಲೂ ಒಂದು ಮದುವೆ ಡಿವಿಡಿ ಇರಬಹುದು, ಗೀರು ಬೀಳುವ ಮುಂಚೆ ನೋಡಿ.

ಇನ್ನು ಕಾಲೇಜಿಗೆ ನನ್ನ ಒಂದು ಕೋರಿಕೆ. ಕಂಪ್ಯೂಟರ್ ಇಲ್ಲದ ಮನೆಗಳೇ ಹೆಚ್ಚು. ಶನಿವಾರ ತರಗತಿ ಬಿಟ್ಟ ಮೇಲೆ ಒಂದು ಗಂಟೆ ನಮ್ಮ ಕಂಪ್ಯೂಟರ್ ಲ್ಯಾಬ್ ತೆರೆದಿಟ್ಟರೆ, ಮನೆಯವರ ಫೋನಿನಿಂದ ತಮ್ಮ ಪೆನ್‌ಡ್ರೈವ್‌ಗೆ ಪ್ರತಿ ಮಾಡಿಕೊಳ್ಳಬಹುದು. ಕಾಲೇಜಿಗೆ ಫೋನ್ ತರುವಂತಿಲ್ಲ ಎಂಬ ನಿಯಮ ಒಳ್ಳೆಯದೇ, ಅದನ್ನು ಸಡಿಲಿಸಿ ಎಂದು ನಾನು ಕೇಳುತ್ತಿಲ್ಲ. ಪೋಷಕರ ಚೀಟಿ ತಂದವರ ಫೋನನ್ನು ಬೆಳಿಗ್ಗೆ ಆಫೀಸಿನಲ್ಲಿ ಇಟ್ಟುಕೊಂಡು ಆ ಒಂದು ಗಂಟೆಗೆ ಮಾತ್ರ ಕೊಡಬಹುದು. ಪೆನ್‌ಡ್ರೈವ್‌ನಿಂದ ವೈರಸ್ ಬರುತ್ತದೆ ಎಂದು ಲ್ಯಾಬ್ ಸರ್ ಹೇಳುತ್ತಾರೆ, ಅದು ನಿಜ. ಒಂದೇ ಕಂಪ್ಯೂಟರನ್ನು, ಬೇರೆಯವಕ್ಕೆ ಜೋಡಿಸದೆ, ಇದಕ್ಕೆ ಮೀಸಲಿಡಲಿ. ಲ್ಯಾಬಿನ ಕಂಪ್ಯೂಟರಿನಲ್ಲಿ ಯಾರ ಫೋಟೊವೂ ಉಳಿಯಕೂಡದು. ಹುಡುಗಿಯರಿಗೆ ಒಂದು ಶನಿವಾರ, ಹುಡುಗರಿಗೆ ಇನ್ನೊಂದು ಎಂದು ಮಾಡಿದರೆ ಅಮ್ಮಂದಿರೂ ಒಪ್ಪುತ್ತಾರೆ.

ದಾದಾನ ಇಪ್ಪತ್ತಮೂರು ನಿಮಿಷ ಹೋಯಿತು. ಆದರೆ ಪೂರ್ತಿ ಹೋಗಲಿಲ್ಲ. ಅವರ ಜೊತೆ ಪದ ಹಾಡುತ್ತಿದ್ದ ಓಣಿಯ ಕಾಕಾ ವಿಷಯ ಕೇಳಿ ಬಂದು, "ನಮ್ಮ ಹುಡುಗನ ಫೋನಿನಾಗ ತುಸು ಅದ ನೋಡವಾ" ಎಂದರು. ಅವರ ಮಗ ಆ ರಾತ್ರಿ ಸ್ಟೇಟಸ್‌ಗೆಂದು ತೆಗೆದಿದ್ದ ವಿಡಿಯೊ, ಒಂದು ನಿಮಿಷ ಹತ್ತು ಸೆಕೆಂಡು. ದಾದಾ ಒಂದು ಸಾಲು ಎತ್ತುತ್ತಾರೆ, ಕಾಕಾ ಹಿಂದೆ ಹಿಡಿಯುತ್ತಾರೆ, ಅಷ್ಟರಲ್ಲಿ ಹಲಗೆಯ ಸದ್ದು ಜೋರಾಗಿ ವಿಡಿಯೊ ನಿಲ್ಲುತ್ತದೆ. ವಾಟ್ಸಾಪ್‌ನಲ್ಲಿ ಸುಮ್ಮನೆ ಕಳಿಸಿದರೆ ಗುಣಮಟ್ಟ ಇಳಿಯುತ್ತದೆಂದು ಡಾಕ್ಯುಮೆಂಟ್ ಆಗಿ ಕಳಿಸಿಕೊಂಡೆ. ಈಗ ಅದು ಮೂರು ಕಡೆ ಇದೆ. ದಾದಿ ದಿನಾ ಇಶಾ ನಮಾಜ್ ಆದ ಮೇಲೆ ಒಂದು ಸಲ ಹಚ್ಚಿಸಿಕೊಂಡು ಕೇಳುತ್ತಾರೆ. ಅಳಿಸಿದ್ದು ನಾನೇ ಎಂದು ಅವರಿಗೆ ಹೇಳಿದ್ದೇನೆ. ಅವರು ಏನೂ ಅನ್ನಲಿಲ್ಲ. ಈಗ ಫೋನಿನಲ್ಲಿ ಏನಾದರೂ ಅಳಿಸುವ ಮುಂಚೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದನ್ನೇ ತೋರಿಸು ಎನ್ನುತ್ತಾರೆ.

ಪ್ರಾಂಶುಪಾಲರು ಶನಿವಾರದ ಆ ಒಂದು ಗಂಟೆಗೆ ಒಪ್ಪಿದರೆ, ಬರುವಾಗ ನಿಮ್ಮ ಫೋನಿನ ಕೇಬಲ್ ತನ್ನಿ. ಚಾರ್ಜ್ ಮಾತ್ರ ಆಗುವ ಕೇಬಲ್ ನಡೆಯುವುದಿಲ್ಲ.