ಪಡಸಾಲೆಯ ಮಾತು: ಯಾವ ಊರಿನ ಸೂರ್ಯ?

ನಮ್ಮ ಸ್ನೇಹಿತರೊಬ್ಬರು ಕಳೆದ ಯುಗಾದಿಯ ಮರುವಾರ ನಾಚಾರಂ ಕಡೆ ಹೊಸ ಫ್ಲ್ಯಾಟಿನ ಗೃಹಪ್ರವೇಶ ಮಾಡಿದರು. ಮೂಲತಃ ಕಲಬುರಗಿ ಸೀಮೆಯವರು. ತಾರ್ನಾಕದ ಸುತ್ತಿನ ಪ್ರಯೋಗಾಲಯವೊಂದರಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಗ್ರಾಚ್ಯುಯಿಟಿ, ಭವಿಷ್ಯನಿಧಿ, ಮನೆಯವರ ಎರಡು ಬಳೆ, ಇಷ್ಟನ್ನೂ ಕೂಡಿಸಿ ಕೊಂಡ ಮನೆ. ನಾವು ಸಕುಟುಂಬರಾಗಿ ಹೋಗಿ ಹೋಳಿಗೆ ಉಂಡು, ಮನೆ ನೋಡುತ್ತ ನೋಡುತ್ತ ಬಾಲ್ಕನಿಗೆ ಬಂದೆವು. ಅಲ್ಲಿ ಅವರು ಜೇಬಿನಿಂದ ಮಡಿಸಿದ ಕಾಗದವೊಂದನ್ನು ತೆಗೆದು, ಏನೂ ಮಾತಾಡದೆ ನಮ್ಮ ಕೈಗಿತ್ತರು. ಕಟ್ಟಡ ಏಳುವ ಮುಂಚೆ ಬಿಲ್ಡರು ಕೊಟ್ಟಿದ್ದ ಬಣ್ಣದ ಚಿತ್ರ. ಅದೇ ಬಾಲ್ಕನಿ, ಎದುರಿನಿಂದ ಜೇನಿನ ಬಣ್ಣದ ಬಿಸಿಲು ನೇರವಾಗಿ ಒಳನುಗ್ಗಿ ಊಟದ ಮೇಜಿನವರೆಗೆ ಚೆಲ್ಲಿದೆ, ಆಚೆಗೆ ಹಸಿರು ಮರಗಳ ಸಾಲು.

ನಾವು ತಲೆಯೆತ್ತಿ ನೋಡಿದೆವು. ಬಾಲ್ಕನಿ ಉತ್ತರಕ್ಕೆ. ಹತ್ತು ಅಡಿ ಆಚೆಗೆ ಪಕ್ಕದ ಕಟ್ಟಡದ ಗೋಡೆ. ಹಗಲು ಹನ್ನೊಂದು ಗಂಟೆಗೆ ಒಳಗೆ ಟ್ಯೂಬ್‌ಲೈಟು ಉರಿಯುತ್ತಿತ್ತು. ಅವರ ಮನೆಯವರು ನಮ್ಮ ಮನೆಯಾಕೆಯನ್ನು ಕೇಳಿದ್ದು ಇಷ್ಟೇ: "ಇಲ್ಲಿ ಸಂಡಿಗಿ ಎಲ್ಲಿ ಒಣಗಸ್ಲಿ ಹೇಳ್ರಿ ವೈನಿ."

ಇಂಥ ಚಿತ್ರಗಳನ್ನು ನಂಬಿ ಮನೆ ಕೊಳ್ಳುವವರು ನಮ್ಮವರಲ್ಲಿ ಎಷ್ಟೋ ಮಂದಿ. ಮಗ ಅಮೆರಿಕದಲ್ಲಿರುತ್ತಾನೆ, ತಂದೆ ತಾಯಿ ರಾಯಚೂರಿನಲ್ಲಿ, ಫ್ಲ್ಯಾಟು ಹೈದರಾಬಾದಿನಲ್ಲಿ. ಮೂವರೂ ನೋಡಿರುವುದು ಫೋನಿಗೆ ಬಂದ ಚಿತ್ರವನ್ನು ಮಾತ್ರ. ಆದ್ದರಿಂದ ಈ ಚಿತ್ರಗಳು ಹೇಗೆ ತಯಾರಾಗುತ್ತವೆ ಎಂಬುದನ್ನು ತಿಳಿಯಬೇಕೆಂದು ನಮಗೆ ಹಠ ಹುಟ್ಟಿತು.

ಅದಕ್ಕೆ ಇನ್ನೊಂದು ಕಾರಣವೂ ಇತ್ತು. ನಮ್ಮ ತಮ್ಮನ ಮಗಳು ವಾಸ್ತುಶಿಲ್ಪ ಓದಿದವಳು. ಕಚೇರಿಯ ಕೆಲಸ ಬಿಟ್ಟು, ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಇದೇ ಚಿತ್ರಗಳ ಉದ್ಯೋಗ ಹೂಡಿದ್ದಾಳೆ. ಕಂಪ್ಯೂಟರಿಗೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡು ಬೇಕು, ತಂತ್ರಾಂಶ ಬೇಕು, ಕಾಕಾ ಸಾಲ ಕೊಡಬೇಕು. ಸಾಲ ಕೊಡುವವನಿಗೆ ವಿಚಾರಿಸುವ ಹಕ್ಕಿದೆಯಷ್ಟೆ! ಯಾವ ತಂತ್ರಾಂಶ ಉತ್ತಮ ಎಂದು ಕೇಳಿದೆವು.

"ಅದನ್ನ ಎಲ್ಲಾರೂ ಕೇಳ್ತಾರ ಕಾಕಾ," ಎಂದಳು. "ಬರ್ರಿ, ನಮ್ಮ ಪಡಸಾಲೀನ ಮಾಡಿ ತೋರಸ್ತೀನಿ. ಆಮ್ಯಾಲ ನೀವೇ ಹೇಳ್ರಿ."

ಟೇಪು ಹಿಡಿದು ಪಡಸಾಲೆಯನ್ನು ಅಳೆದಾಯಿತು. ಪೂರ್ವಕ್ಕೆ ಎರಡು ಕಿಟಕಿ, ಅಟ್ಟದ ಕೆಳಗೆ ಟ್ರಂಕುಗಳಿರುವ ಕತ್ತಲ ಮೂಲೆ, ನೆಲಕ್ಕೆ ಶಹಾಬಾದದ ಕಲ್ಲು. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಪಡಸಾಲೆ ನಿಜವಾಗಿ ಹೇಗೆ ಕಾಣುತ್ತದೆಂದು ಫೋಟೋ ತೆಗೆದಿಟ್ಟಳು. ಅದೇ ಗಳಿಗೆಯನ್ನು ನಾಲ್ಕು ತಂತ್ರಾಂಶಗಳಲ್ಲಿ ಮೂಡಿಸಬೇಕೆಂಬುದು ಪಂದ್ಯ. ಎರಡು ಪುಕ್ಕಟೆ ಸಿಗುವಂಥವು, ಎರಡು ಕೆಲ ದಿನದ ಪರೀಕ್ಷೆಗೆ ಕೊಡುವ ಪ್ರತಿಗಳು.

ಇಲ್ಲಿ ವಾಚಕರಿಗೆ ಸ್ವಲ್ಪ ಹಿನ್ನೆಲೆ ಹೇಳಬೇಕು. ಈ ತಂತ್ರಾಂಶಗಳಲ್ಲಿ ಎರಡು ಮನೆತನ. ಮೊದಲನೆಯದು ಬೆಳಕಿನ ಲೆಕ್ಕ ಮಾಡುವ ಮನೆತನ. 1986ರಲ್ಲಿ ಜೇಮ್ಸ್ ಕಜಿಯಾ ಎಂಬವರು ಒಂದು ಸಮೀಕರಣ ಬರೆದರು: ಯಾವುದೇ ಬಿಂದುವಿನಿಂದ ನಮ್ಮ ಕಣ್ಣಿಗೆ ಬರುವ ಬೆಳಕೆಂದರೆ ಅದು ತಾನೇ ಸೂಸುವುದು, ಜೊತೆಗೆ ಸುತ್ತಣ ಎಲ್ಲ ಕಡೆಯಿಂದ ಅದರ ಮೇಲೆ ಬಿದ್ದು ಪುಟಿದು ಬರುವುದು. ಗೋಡೆಯಿಂದ ನೆಲಕ್ಕೆ, ನೆಲದಿಂದ ಸೂರಿಗೆ ಹೀಗೆ ಪುಟಿಯುವ ಬೆಳಕನ್ನು ಪೂರಾ ಎಣಿಸುವುದು ಅಸಾಧ್ಯ. ಅದಕ್ಕೆ ಕಂಪ್ಯೂಟರು ಲಕ್ಷಾಂತರ ಕಿರಣಗಳನ್ನು ಅಡ್ಡಾದಿಡ್ಡಿ ಕಳಿಸಿ ಸರಾಸರಿ ತೆಗೆಯುತ್ತದೆ. ಕಿರಣ ಕಡಿಮೆಯಾದರೆ ಚಿತ್ರದ ಮೇಲೆ ಜೋಳದ ನುಚ್ಚು ಚೆಲ್ಲಿದಂತೆ ಕಲೆ ಬೀಳುತ್ತದೆ. ಬಲ್ಗೇರಿಯದ ಸೋಫಿಯಾದಲ್ಲಿ 1997ರಲ್ಲಿ ಆರಂಭವಾದ ಕೇಯಾಸ್ ಕಂಪನಿಯ ವಿ-ರೇ ಈ ಮನೆತನದ ಹಿರಿಯ. ಪ್ರಾಗ್ ನಗರದಲ್ಲಿ 2009ರಲ್ಲಿ ವಿದ್ಯಾರ್ಥಿಯೊಬ್ಬನ ಕೈಯಲ್ಲಿ ಹುಟ್ಟಿದ ಕರೋನಾ (ಹೆಸರು ಕೇಳಿ ಬೆಚ್ಚಬೇಡಿ, ರೋಗಕ್ಕಿಂತ ಹಳೆಯದು) 2017ರಲ್ಲಿ ಅದೇ ಕಂಪನಿಯ ಪಾಲಾಯಿತು. ಬ್ಲೆಂಡರಿನ ಸೈಕಲ್ಸ್ 2011ರಲ್ಲಿ ಬಂತು.

ಎರಡನೆಯ ಮನೆತನ ಆಟದ ಪೈಕಿ. ಕಂಪ್ಯೂಟರ್ ಆಟಗಳಲ್ಲಿ ಕ್ಷಣಕ್ಕೆ ಹತ್ತಾರು ಚಿತ್ರ ಮೂಡಬೇಕಾದ್ದರಿಂದ ಬೆಳಕನ್ನು ಲೆಕ್ಕ ಹಾಕುವುದಕ್ಕಿಂತ ಅಂದಾಜು ಕಟ್ಟುವುದೇ ಹೆಚ್ಚು. ಹಾಲೆಂಡಿನ ಲುಮಿಯಾನ್, ಜರ್ಮನಿಯ ಎನ್‌ಸ್ಕೇಪ್, ಟ್ವಿನ್‌ಮೋಶನ್ ಈ ಕಡೆಯವು. ಟ್ವಿನ್‌ಮೋಶನ್ನಿನ ಯಜಮಾನರು 2019ರಿಂದ ಎಪಿಕ್ ಕಂಪನಿಯವರು. ನಮ್ಮ ಮೊಮ್ಮಕ್ಕಳ ಪರೀಕ್ಷೆಯ ಅಂಕಗಳನ್ನು ನುಂಗಿದ ಫೋರ್ಟ್‌ನೈಟ್ ಆಟವೂ ಅವರದೇ.

ಬ್ಲೆಂಡರಿನ ಕಥೆ ನಮಗೆ ಬಹಳ ಹಿಡಿಸಿತು. 2002ರಲ್ಲಿ ಅದರ ಕಂಪನಿ ಮುಚ್ಚಿದಾಗ, ಅದನ್ನು ಕಟ್ಟಿದ ಟಾನ್ ರೋಸೆಂಡಾಲ್ ಎಂಬ ಡಚ್ಚರವರು ಒಂದು ಲಕ್ಷ ಯೂರೋ ಕೂಡಿದರೆ ಇದನ್ನು ಬಿಡಿಸಿ ಎಲ್ಲರಿಗೂ ಬಿಟ್ಟುಕೊಡಬಹುದೆಂದು ಜನರ ಮುಂದೆ ಸೆರಗೊಡ್ಡಿದರು. ಏಳೇ ವಾರದಲ್ಲಿ ಹಣ ಸೇರಿತು. ನಮ್ಮ ಸಂಘದ ಕಟ್ಟಡನಿಧಿಗೆ ವರ್ಷಗಟ್ಟಲೆ ರಸೀದಿಪುಸ್ತಕ ಹಿಡಿದು ತಿರುಗಿದ ಹಿರಿಯರು ಇದನ್ನೋದಿ ನಿಟ್ಟುಸಿರು ಬಿಟ್ಟಾರು.

ಇನ್ನು ಪಂದ್ಯ. ಟ್ವಿನ್‌ಮೋಶನ್ ಕೆಲವೇ ನಿಮಿಷದಲ್ಲಿ ಪಡಸಾಲೆಯನ್ನು ಒಡ್ಡಿತು. ನಮ್ಮ ಮನೆಯೇ ಹೌದೋ ಅಲ್ಲವೋ ಎನ್ನುವಷ್ಟು ಥಳಥಳ. ನಲವತ್ತು ವರ್ಷದಿಂದ ಕತ್ತಲಾಗಿದ್ದ ಟ್ರಂಕಿನ ಮೂಲೆಯೂ ಬೆಳಗಿತ್ತು. ಲುಮಿಯಾನಿನಲ್ಲಿ ಕಿಟಕಿಯಾಚೆಯ ಮರಗಳು ಗಾಳಿಗೆ ಓಲಾಡಿದವು. ಮನೆಯಾಕೆ ಅದಕ್ಕೇ ಬಹುಮಾನ ಕೊಟ್ಟರು. ವಿ-ರೇ ಇಪ್ಪತ್ತು ನಿಮಿಷ ತೆಗೆದುಕೊಂಡು ಮೂಲೆಯ ಕತ್ತಲನ್ನು ಇದ್ದಂತೆ ತಂದಿತು. ಸೈಕಲ್ಸಿಗೆ ನಮ್ಮ ಹಳೆಯ ಕಂಪ್ಯೂಟರಿನಲ್ಲಿ ಮುಕ್ಕಾಲು ಗಂಟೆ. ನುಚ್ಚಿನ ಕಲೆ ಒರೆಸುವ ಸೌಕರ್ಯವನ್ನು ಹಚ್ಚಿದಾಗ ಗೋಡೆಯೇನೋ ನುಣುಪಾಯಿತು, ಕ್ಯಾಲೆಂಡರಿನ ಅಕ್ಷರಗಳು ನೆನೆದಂತೆ ಕದಡಿಹೋದವು.

ಆದರೆ ನಾಲ್ಕೂ ಚಿತ್ರದಲ್ಲಿ ಪಡಸಾಲೆ ಫೋಟೋಗಿಂತ ಬೆಳ್ಳಗೆ ಇತ್ತು. ಏಕೆಂದು ಹುಡುಕಿದರೆ ತಪ್ಪು ತಂತ್ರಾಂಶದ್ದಲ್ಲ, ನೆಲದ್ದು. ಅವುಗಳ ಉಗ್ರಾಣದಲ್ಲಿ ಬಿಳಿ ಅಮೃತಶಿಲೆ ಬೇಕಾದಷ್ಟುಂಟು, ನಮ್ಮ ಶಹಾಬಾದದ ಕಲ್ಲಿಲ್ಲ. ಬಿಳಿಯ ನೆಲ ಬಿದ್ದ ಬೆಳಕನ್ನು ಸೂರಿಗೆ ಎಸೆಯುತ್ತದೆ; ನೀಲಿ ಬೂದಿಯ ನಮ್ಮ ಕಲ್ಲು ಬಹುಪಾಲನ್ನು ನುಂಗಿ ಕೂಡುತ್ತದೆ. ಹುಡುಗಿ ನೆಲದ ಫೋಟೋ ತೆಗೆದು, ಒರಟುತನವನ್ನು ಹೊಂದಿಸಿ, ಕಲ್ಲನ್ನು ಹೊಸದಾಗಿ ತಯಾರಿಸಿದಳು. ಆಮೇಲೆ ವಿ-ರೇ ಮತ್ತು ಸೈಕಲ್ಸ್ ಎರಡೂ ಫೋಟೋದ ಪಕ್ಕ ಇಟ್ಟರೆ ಗುರುತು ಹಿಡಿಯುವುದು ಕಷ್ಟವಾಯಿತು. ವೇಗದ ಮನೆತನದವೂ ಈಗ ಲೆಕ್ಕ ಕಲಿಯುತ್ತಿವೆ: ಟ್ವಿನ್‌ಮೋಶನ್ 2022ರಲ್ಲಿ, ಲುಮಿಯಾನ್ 2023ರಲ್ಲಿ ಕಿರಣ ಎಣಿಸುವ ಸೌಕರ್ಯ ತಂದವು. ಬ್ಲೆಂಡರಿನಲ್ಲಿ 2019ರಿಂದ ಈವೀ ಎಂಬ ವೇಗದ ತಂಗಿಯೂ ಇದ್ದಾಳೆ. ಗಿರಣಿಯ ಹಿಟ್ಟೋ ಬೀಸುಕಲ್ಲಿನ ಹಿಟ್ಟೋ ಎಂಬ ಜಗಳ ಇನ್ನು ಬಹಳ ದಿನ ನಡೆಯಲಾರದು.

ಆಗ ನಮಗೆ ಸ್ನೇಹಿತರ ಬಾಲ್ಕನಿ ನೆನಪಾಯಿತು. ಅದನ್ನೂ ಮಾಡೆಂದೆವು. ಹೈದರಾಬಾದು 17.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಜೂನ್ 21ರ ನಡುಹಗಲು ಸೂರ್ಯ ನೆತ್ತಿಯಿಂದ ಆರು ಡಿಗ್ರಿಯಷ್ಟು ಉತ್ತರಕ್ಕೆ ವಾಲುತ್ತಾನೆ, ಅಷ್ಟೇ. ಬೇಸಿಗೆಯ ಬೆಳಿಗ್ಗೆ ಸಂಜೆ ಉತ್ತರದ ಗೋಡೆಯನ್ನು ಓರೆಯಾಗಿ ಸವರಿ ಹೋಗುತ್ತಾನೆ. ಡಿಸೆಂಬರಿನಲ್ಲಿ ಆ ಕಡೆ ತಿರುಗಿಯೂ ನೋಡುವುದಿಲ್ಲ. ಉತ್ತರದ ಬಾಲ್ಕನಿಗೆ ಎದುರಿನಿಂದ ನೇರ ಬಿಸಿಲು ಈ ಊರಿನಲ್ಲಿ ಯಾವ ದಿನವೂ ಇಲ್ಲ. ಊರು, ದಿಕ್ಕು, ತಾರೀಖು, ಪಕ್ಕದ ಗೋಡೆ ಎಲ್ಲ ಸರಿಯಾಗಿ ಕೊಟ್ಟಾಗ ನಾಲ್ಕು ತಂತ್ರಾಂಶಗಳೂ ಒಂದೇ ಉತ್ತರ ಹೇಳಿದವು: ಕತ್ತಲೆ. ಗೋಡೆಯನ್ನು ಅಳಿಸಿ, ಸೂರ್ಯನನ್ನು ಕೈಯಿಂದ ಎಳೆದು ಎದುರಿಗೆ ನಿಲ್ಲಿಸಿದಾಗ ನಾಲ್ಕೂ ಒಂದೇ ಉತ್ಸಾಹದಿಂದ ಜೇನಿನ ಬಿಸಿಲು ಸುರಿಸಿದವು.

ಸೂರ್ಯನನ್ನು ಎಳೆಯದಿದ್ದರೂ ಅಪಾಯವುಂಟು. ಸ್ಕೆಚ್‌ಅಪ್ ಎಂಬ ನಕ್ಷೆಯ ತಂತ್ರಾಂಶಕ್ಕೆ ಊರು ಹೇಳದಿದ್ದರೆ ಅದು ಅಮೆರಿಕದ ಬೌಲ್ಡರ್ ಪಟ್ಟಣವನ್ನೇ ಹಿಡಿದುಕೊಂಡಿರುತ್ತದೆ, ಸುಮಾರು 40 ಡಿಗ್ರಿ ಉತ್ತರ. ನಾಚಾರಂ ಮನೆಗೆ ಕೊಲೊರಾಡೊದ ಸೂರ್ಯ!

"ಕಾಲೇಜಿನ್ಯಾಗಿದ್ದಾಗ ಆರ್ಟ್ಸ್ ಕಾಲೇಜ್ ಕಟ್ಟಡದ ಮುಂದ ಮುಂಜಾನಿ ಸಂಜಿ ಕೂಡಿಸಿ ನೆರಳು ಬರಸ್ತಿದ್ರು ಕಾಕಾ," ಎಂದಳು ಹುಡುಗಿ. 1939ರಲ್ಲಿ ತೆರೆದ ಉಸ್ಮಾನಿಯಾದ ಆ ಗುಲಾಬಿ ಕಲ್ಲಿನ ಕಟ್ಟಡ ನಮ್ಮ ಮನೆಯಿಂದ ಬಹಳ ದೂರವಿಲ್ಲ. "ಆಗ ಬ್ಯಾಸರ ಬರ್ತಿತ್ತು."

ಫ್ಲ್ಯಾಟು ಕೊಳ್ಳಹೊರಟಿರುವ ವಾಚಕರಿಗೆ ಒಂದೆರಡು ಮಾತು. ಚಿತ್ರ ಕೊಟ್ಟವರನ್ನು ಇದು ಯಾವ ತಿಂಗಳ, ಎಷ್ಟು ಗಂಟೆಯ ಬಿಸಿಲು, ಉತ್ತರ ಯಾವ ಕಡೆ ಎಂದು ಕೇಳಿರಿ. ಪಕ್ಕದ ನಿವೇಶನ ಖಾಲಿ ತೋರಿಸಿದ್ದರೆ ಹೋಗಿ ನೋಡಿರಿ. 2016ರ ರೇರಾ ಕಾಯಿದೆಯ 12ನೇ ಕಲಮಿನಂತೆ, ಜಾಹೀರಾತು ಅಥವಾ ಮಾದರಿ ಮನೆಯನ್ನು ನಂಬಿ ಹಣ ಕೊಟ್ಟವನು ಅದರಲ್ಲಿನ ಸುಳ್ಳಿನಿಂದ ನಷ್ಟಪಟ್ಟರೆ ಪರಿಹಾರ ಕೇಳಬಹುದು. ನೋಂದಾಯಿತ ಕರಾರಿಲ್ಲದೆ ಬೆಲೆಯ ನೂರಕ್ಕೆ 10ಕ್ಕಿಂತ ಹೆಚ್ಚು ಮುಂಗಡ ಪಡೆಯಬಾರದೆಂದು 13ನೇ ಕಲಮು ಹೇಳುತ್ತದೆ. ನಮ್ಮ ಸ್ನೇಹಿತರ ಚಿತ್ರದ ಕೆಳಗೆ ಇರುವೆಯಂಥ ಅಕ್ಷರದಲ್ಲಿ 'ಕಲಾವಿದನ ಕಲ್ಪನೆ' ಎಂದು ಅಚ್ಚಾಗಿದೆ. ಅವರು ವಕೀಲರ ಮನೆಗೆ ಒಮ್ಮೆ ಹೋಗಿಬಂದಿದ್ದಾರೆ. ಸಂಡಿಗೆಯನ್ನು ಈ ಬೇಸಿಗೆಗೆ ನಮ್ಮ ಮಾಳಿಗೆಯ ಮೇಲೆಯೇ ಹಾಕಿದರು.

ಸಾಲದ ವಿಷಯ ಹೀಗೆ ಇತ್ಯರ್ಥವಾಯಿತು: ಕೊನೆಯ ಚಿತ್ರಗಳಿಗೆ ಬ್ಲೆಂಡರು, ಗಿರಾಕಿಗೆ ಮನೆಯೊಳಗೆ ಓಡಾಡಿಸಿ ತೋರಿಸಲು ಟ್ವಿನ್‌ಮೋಶನ್. ಎರಡನೆಯದು ವರ್ಷದ ವರಮಾನ ಹತ್ತು ಲಕ್ಷ ಡಾಲರು ಮುಟ್ಟುವವರೆಗೆ ಪುಕ್ಕಟೆಯಂತೆ. ಮುಟ್ಟಿದ ದಿನ ಕಾಕಾನನ್ನು ಮರೆಯದಿದ್ದರೆ ಸಾಕು. ಹಣ ಕೊಟ್ಟದ್ದು ಕಾರ್ಡಿಗೆ ಮಾತ್ರ.

ಹೋದ ತಿಂಗಳು ಅವಳಿಗೆ ಮೊದಲ ದೊಡ್ಡ ಕೆಲಸ ಬಂತು, ಹನ್ನೆರಡು ಚಿತ್ರಗಳದು. ಎರಡು ಉತ್ತರಮುಖದ ಫ್ಲ್ಯಾಟುಗಳು. ಅವುಗಳಲ್ಲಿ "ಬಿಸಿಲು ಚೆನ್ನಾಗಿ ಬರಲಿ" ಎಂದು ಹೇಳಿ ಕಳಿಸಿದ್ದರು. ಅವಳು ಎರಡು ದಿನ ಕೂತು, ಮೇ 20ರ ಸಂಜೆ ಐದೂವರೆಯ ಓರೆಬಿಸಿಲು ಬಾಲ್ಕನಿಯ ಕಂಬವನ್ನು ಸವರುವಂತೆ ಒಂದನ್ನೂ, ಬರಿಯ ಆಕಾಶದ ತಂಪು ಬೆಳಕಿನಲ್ಲಿ ಇನ್ನೊಂದನ್ನೂ ಮಾಡಿ, ಎರಡರ ಕೆಳಗೂ ತಾರೀಖು, ಗಂಟೆ, ದಿಕ್ಕು ಬರೆದು ಕಳಿಸಿದಳು. ಈ ಸಂಚಿಕೆ ಅಚ್ಚಿಗೆ ಹೋಗುವವರೆಗೂ ಆ ಕಡೆಯಿಂದ ಉತ್ತರ ಬಂದಿಲ್ಲ. ಸಾಲದ ಮೊದಲ ಕಂತು ಈ ತಿಂಗಳ ಐದಕ್ಕೆ ಬರಬೇಕಿತ್ತು. ನಾವು ಕೇಳಲು ಹೋಗಿಲ್ಲ.